ಕುಡಿತದ ಚಟ ಮತ್ತು ಸುತ್ತಲಿನ ಸಮಾಜ: ಕೊಪ್ಪಳ ಸೀಮೆಯ ನೋಟ

ಕೊಪ್ಪಳ ಜಿಲ್ಲೆಯ ಯಾವ ಸಂತೆಯೂರಿನಲ್ಲೂ ‘ನೈಂಟಿ’ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. 90 ಮಿಲಿಲೀಟರ್ ವಿಸ್ಕಿಯೋ ರಮ್ಮೋ ತುಂಬಿದ, ಅಂಗೈಯಲ್ಲಿ ಅಡಗುವ ಟೆಟ್ರಾ ಪ್ಯಾಕೆಟ್ ಅದು. ಅದರೊಳಗಿನ ದ್ರವದಲ್ಲಿ ಶೇ 42.8ರಷ್ಟು ಆಲ್ಕೊಹಾಲ್ ಇರುತ್ತದೆ. ತೂಕ ಹಾಕಿದರೆ ಸುಮಾರು 30 ಗ್ರಾಂ. ವೈದ್ಯರು 10 ಗ್ರಾಂ ಆಲ್ಕೊಹಾಲನ್ನು ಒಂದು ಅಳತೆ ಎಂದು ಹಿಡಿಯುತ್ತಾರೆ. ಅಂದರೆ ಮೂಲೆಯನ್ನು ಹಲ್ಲಿನಿಂದ ಹರಿದು, ನೀರಿನ ಪೌಚು ಬೆರೆಸಿ, ನಿಂತ ನಿಲುವಿನಲ್ಲೇ ಮುಗಿಸುವ ಒಂದು ಪ್ಯಾಕೆಟ್ ಮೂರು ಅಳತೆಗೆ ಸಮ. ಮಿದುಳಿನ ಮೇಲೆ ಅದು ಮಾಡುವ ಕೆಲಸ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ. ಕುಡಿದವರ ನಡವಳಿಕೆ ಮಾತ್ರ ಒಂದೇ ಅಲ್ಲ. ಒಬ್ಬ ಹಾಡುತ್ತಾನೆ, ಒಬ್ಬ ಅಳುತ್ತಾನೆ, ಒಬ್ಬ ಮನೆಯ ಪಾತ್ರೆ ಬೀದಿಗೆ ಎಸೆಯುತ್ತಾನೆ, ಇನ್ನೊಬ್ಬ ಸದ್ದಿಲ್ಲದೆ ಹೋಗಿ ಮಲಗುತ್ತಾನೆ. ಯಾರ ಜೊತೆ, ಯಾವ ದಿನ, ಎಷ್ಟು ಕುಡಿಯುತ್ತಾನೆ, ಬಿಡಬೇಕೆಂದು ಯಾವಾಗ ಅನ್ನಿಸುತ್ತದೆ, ಬಿಟ್ಟವನು ಯಾವ ತಿರುವಿನಲ್ಲಿ ಮತ್ತೆ ಜಾರುತ್ತಾನೆ ಎಂಬುದನ್ನೆಲ್ಲ ನಿರ್ಧರಿಸುವುದರಲ್ಲಿ ಪ್ಯಾಕೆಟ್ಟಿನ ಒಳಗಿರುವುದಕ್ಕಿಂತ ಅದರ ಸುತ್ತ ಇರುವವರ ಪಾಲು ದೊಡ್ಡದು.

ಕುಡಿಯುವವರೆಲ್ಲ ವ್ಯಸನಿಗಳಲ್ಲ. ತಡೆಯಲಾಗದ ತುಡಿತ, ಶುರು ಮಾಡಿದರೆ ನಿಲ್ಲಿಸಲಾಗದ ಸ್ಥಿತಿ, ಮೊದಲಿನ ಮತ್ತು ಬರಲು ದಿನದಿನಕ್ಕೂ ಹೆಚ್ಚು ಬೇಕಾಗುವುದು, ಬಿಟ್ಟರೆ ಕೈನಡುಕ, ಬೆವರು, ನಿದ್ದೆಗೇಡು, ಸಂಸಾರ ಹಾಳಾಗುತ್ತಿರುವುದು ಕಣ್ಣಿಗೆ ಕಂಡರೂ ಮುಂದುವರಿಸುವುದು, ಇಂಥವು ಹಲವು ಒಟ್ಟಿಗೆ ಸೇರಿದಾಗ ವೈದ್ಯರು ಅದನ್ನು ಮದ್ಯಾವಲಂಬನೆ ಎನ್ನುತ್ತಾರೆ. ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ ಈ ಕಾಯಿಲೆಗೆ ಬೀಳುವ ಸಾಧ್ಯತೆಯಲ್ಲಿ ಅರ್ಧದಷ್ಟು ವಂಶವಾಹಿಗಳಿಂದ ಬರುತ್ತದೆ. ಉಳಿದರ್ಧದ ಲೆಕ್ಕ ಮನೆ, ಕೆಲಸ, ಗೆಳೆತನ, ಅಂಗಡಿ, ಕಾನೂನುಗಳಲ್ಲಿದೆ.

2019ರಲ್ಲಿ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ ಪ್ರಕಟಿಸಿದ, ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯಂತೆ ದೇಶದಲ್ಲಿ 10ರಿಂದ 75 ವರ್ಷದೊಳಗಿನ ಶೇ 14.6 ಜನ, ಅಂದರೆ ಸುಮಾರು 16 ಕೋಟಿ ಮಂದಿ ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿ ಜನರ ಕುಡಿತ ಹಾನಿಯ ಮಟ್ಟ ಮುಟ್ಟಿದೆ. ಅವಲಂಬನೆಗೆ ಬಿದ್ದ 38 ಜನರಲ್ಲಿ ಚಿಕಿತ್ಸೆಯ ಮುಖ ಕಂಡವನು ಒಬ್ಬ. ಕರ್ನಾಟಕದಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು (2019–21) ಹೇಳುವಂತೆ ಹದಿನೈದು ದಾಟಿದ ಗಂಡಸರಲ್ಲಿ ನೂರಕ್ಕೆ 16–17 ಮಂದಿ ಕುಡಿಯುತ್ತಾರೆ. ಹೆಂಗಸರಲ್ಲಿ ಈ ಪ್ರಮಾಣ ನೂರಕ್ಕೆ ಒಬ್ಬರಷ್ಟು. ಊರಿನ ಮಾತು ಕೇಳಿದವರಿಗೆ ಇದು ಕಡಿಮೆ ಎನಿಸಬಹುದು. ಗಂಡಸರಲ್ಲಿ ಹೆಚ್ಚಿನವರು ಕುಡಿಯುವುದಿಲ್ಲ, ಕುಡಿಯುವವರು ಮಾತ್ರ ಮತ್ತೇರುವ ತನಕ ಕುಡಿಯುತ್ತಾರೆ ಎಂಬುದು ಭಾರತದ ಕುಡಿತದ ರೀತಿಯನ್ನು ಅಭ್ಯಸಿಸಿದ ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ಹಲವು ಬಾರಿ ಹೇಳಿರುವ ಸಂಗತಿ. ಊಟದ ಜೊತೆ ಒಂದು ಲೋಟ ಎಂಬ ಪದ್ಧತಿ ಇಲ್ಲಿ ಇಲ್ಲ. ಮುಚ್ಚಿಟ್ಟು, ಅವಸರದಲ್ಲಿ, ಕಟುವಾದುದನ್ನೇ ಕುಡಿಯುವುದು ರೂಢಿ. ಕುಡಿತದ ಮೇಲಿನ ನಾಚಿಕೆಯೇ ಕುಡಿಯುವ ವೇಗವನ್ನೂ ಹೆಚ್ಚಿಸಿದೆ.

ಮತ್ತಿನ ನಡವಳಿಕೆ ಕಲಿತದ್ದು

1969ರಲ್ಲಿ ಅಮೆರಿಕದ ಕ್ರೇಗ್ ಮ್ಯಾಕ್‌ಆಂಡ್ರೂ ಮತ್ತು ರಾಬರ್ಟ್ ಎಡ್ಗರ್ಟನ್ ಎಂಬ ವಿದ್ವಾಂಸರು ಬೇರೆ ಬೇರೆ ಜನಾಂಗಗಳ ಕುಡಿತದ ವಿವರಗಳನ್ನು ಒಟ್ಟುಗೂಡಿಸಿ ನೋಡಿ, ಕುಡಿದವನು ಹೇಗೆ ವರ್ತಿಸಬೇಕೆಂಬುದನ್ನು ಅವನ ಸಮಾಜವೇ ಕಲಿಸುತ್ತದೆ ಎಂದು ವಾದಿಸಿದರು. ಕೆಲವು ಸಮಾಜಗಳಲ್ಲಿ ಎಷ್ಟು ಕುಡಿದರೂ ಜಗಳವಿಲ್ಲ. ಕೆಲವು ಕಡೆ ಜಗಳವಿಲ್ಲದ ಕುಡಿತವೇ ಇಲ್ಲ. ಕುಡಿದ ಹೊತ್ತನ್ನು ಒಂದು ಬಗೆಯ ಬಿಡುವಿನ ಹೊತ್ತೆಂದು ಸಮಾಜ ಒಪ್ಪಿಕೊಂಡರೆ, ಆ ಬಿಡುವಿನಲ್ಲಿ ಏನು ಮಾಡಿದರೂ ನಡೆಯುತ್ತದೆ ಎಂಬುದು ಕುಡಿಯುವವನಿಗೂ ಗೊತ್ತಿರುತ್ತದೆ.

‘ಕುಡುದಾನ, ಮಾತಾಡಾಕತ್ತಾನ, ಬಿಡ್ರಿ’ ಎಂಬುದು ಕೊಪ್ಪಳ ಸೀಮೆಯ ಕಟ್ಟೆಗಳ ಮೇಲೆ ದಿನವೂ ಕೇಳುವ ಮಾತು. ಬೆಳಿಗ್ಗೆ ಎದ್ದವನು ‘ರಾತ್ರಿ ಏನಾತೋ ನನಗ ನೆಪ್ಪಿಲ್ಲ’ ಎಂದರೆ ಅರ್ಧ ತಪ್ಪು ಮಾಫಿ. ಆದರೆ ಈ ಮರೆವಿಗೂ ಮರ್ಯಾದೆಯ ಗಡಿ ಇದೆ. ಮತ್ತಿನಲ್ಲಿ ಹೆಂಡತಿಯ ಮೇಲೆ ಕೈ ಮಾಡಿದವನೇ ದಾರಿಯಲ್ಲಿ ಸಾಹುಕಾರ ಎದುರಾದರೆ ಹೆಗಲ ಮೇಲಿನ ಟವೆಲ್ ತೆಗೆದು ಬದಿಗೆ ನಿಲ್ಲುತ್ತಾನೆ. ಪೊಲೀಸ್ ಜೀಪು ಬಂದರೆ ತೂರಾಡುವ ಕಾಲು ನೆಟ್ಟಗಾಗುತ್ತದೆ. ಕೂಲಿ ಮಾಡುವವನು ಕುಡಿದರೆ ಅವನು ಕುಡುಕ. ಕಾರಿನಲ್ಲಿ ಹೊಸಪೇಟೆಗೆ ಹೋಗಿ ಕುಡಿದು ಬರುವವರು ‘ಸ್ವಲ್ಪ ತಗೋತಾರ’. ವ್ಯಸನಕ್ಕೆ ಹೆಸರಿಡುವಾಗಲೂ ಊರು ಆಸ್ತಿ ನೋಡುತ್ತದೆ. ಹೆಸರಿಲ್ಲದ ಕಾರಣಕ್ಕೇ ಆ ಎರಡನೆಯವರು ಆಸ್ಪತ್ರೆಗೆ ತಡವಾಗಿ ಬರುತ್ತಾರೆ.

ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆನಪಿಡತಕ್ಕದ್ದು. ಅವಲಂಬನೆಗೆ ಬಿದ್ದವರಿಗೂ ಸಾಧಾರಣವಾಗಿ ಕುಡಿಯುವವರಿಗೂ ರುಚಿ ಪರೀಕ್ಷೆಯ ನೆಪದಲ್ಲಿ ಪಾನೀಯ ಕೊಟ್ಟರು. ಕೆಲವರಿಗೆ ವೋಡ್ಕಾ ಎಂದು ಹೇಳಿ ಬರೀ ಟಾನಿಕ್ ನೀರು, ಕೆಲವರಿಗೆ ಟಾನಿಕ್ ಎಂದು ಹೇಳಿ ವೋಡ್ಕಾ. ಹೆಚ್ಚು ಕುಡಿದವರು ವೋಡ್ಕಾ ಕುಡಿದವರಲ್ಲ. ವೋಡ್ಕಾ ಕುಡಿಯುತ್ತಿದ್ದೇವೆ ಎಂದು ನಂಬಿದವರು. ಒಂದು ಗುಟುಕು ಒಳಗೆ ಹೋದರೆ ತಡೆಯೇ ಇಲ್ಲ ಎಂಬ ನಂಬಿಕೆಯನ್ನು ಈ ಪ್ರಯೋಗ ಅಲುಗಾಡಿಸಿತು. ಹಾಗೆಂದು ವ್ಯಸನ ಬರೀ ಭ್ರಮೆಯಲ್ಲ. ಬಿಟ್ಟಾಗ ಬರುವ ನಡುಕ, ಫಿಟ್ಸು ನಿಜವಾದವು.

ಕಾಲುವೆ ಸೀಮೆ, ಗುಳೆ ಸೀಮೆ

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟಾಗ ಕೊಪ್ಪಳ ಜಿಲ್ಲೆಯಲ್ಲಿದ್ದವು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು. ಕಾರಟಗಿ, ಕನಕಗಿರಿ, ಕುಕನೂರು ಆಮೇಲೆ ಕವಲೊಡೆದವು. ನಾಲ್ಕರಲ್ಲೂ ಕುಡಿತವಿದೆ, ಆದರೆ ಅದರ ವೇಳಾಪಟ್ಟಿ ಬೇರೆ ಬೇರೆ.

ಗಂಗಾವತಿಯದು ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ನೆಲ. ಸೋನಾ ಮಸೂರಿ ಭತ್ತ, ಅಕ್ಕಿ ಗಿರಣಿಗಳ ಸಾಲು, ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದ ರೈತರ ‘ಕ್ಯಾಂಪು’ಗಳು. ಇಲ್ಲಿ ಕೂಲಿ ರೊಕ್ಕ ಕೈಗೆ ಸಿಗುವುದು ಗುಂಪಿನ ಲೆಕ್ಕದಲ್ಲಿ. ಭತ್ತದ ವ್ಯಾಪಾರ ನಡೆಯುವುದು 75 ಕಿಲೋ ಚೀಲದ ಲೆಕ್ಕದಲ್ಲಿ. ಆ ಚೀಲವನ್ನು ಬೆನ್ನ ಮೇಲೆ ಹೊತ್ತು ಲಾರಿಯ ಹಲಗೆ ಏರುವ ಹಮಾಲರು ಸಂಜೆ ಎಣಿಸಿದ ಚೀಲಗಳ ದುಡ್ಡನ್ನು ಒಟ್ಟಿಗೆ ಹಂಚಿಕೊಳ್ಳುತ್ತಾರೆ. ಹಂಚಿಕೆ ಎಲ್ಲಿ ನಡೆಯುತ್ತದೆ ಎಂಬುದರ ಮೇಲೆ ಆ ರಾತ್ರಿ ನಿಂತಿದೆ. ಹಂಚಿಕೆ ಗಿರಣಿಯ ಗೇಟಿನಲ್ಲಿ ಆದರೆ ರೊಕ್ಕ ಮನೆ ಮುಟ್ಟುವ ಸಂಭವ ಹೆಚ್ಚು. ವೈನ್‌ಶಾಪಿನ ಪಕ್ಕದ ಚಹಾದಂಗಡಿಯಲ್ಲಿ ಆದರೆ ಕಡಿಮೆ. ‘ಮೈಕೈ ನೋವಿಗೆ’ ಎಂದು ಶುರುವಾಗುವ ಕುಡಿತ ಸುಳ್ಳೂ ಅಲ್ಲ. ಆಲ್ಕೊಹಾಲ್ ಸ್ವಲ್ಪ ಹೊತ್ತು ನೋವನ್ನು ಮರೆಸುತ್ತದೆ. ಬೆನ್ನುನೋವಿಗೆ ಬೇರೆ ಉಪಾಯವಿಲ್ಲದ, ವಯಸ್ಸು ನಲವತ್ತು ದಾಟುತ್ತಿದ್ದಂತೆ ಚೀಲದ ಲೆಕ್ಕ ಕುಗ್ಗುವ ಕೆಲಸದಲ್ಲಿ ಇದು ಔಷಧವಾಗಿ ಬಂದು ಊಟವಾಗಿ ಉಳಿಯುತ್ತದೆ. ಗುಂಪಿನಲ್ಲಿ ಒಬ್ಬ ಬಿಡಲು ಹೊರಟರೆ ಅವನು ಬಿಡಬೇಕಾದದ್ದು ಮದ್ಯವೊಂದನ್ನೇ ಅಲ್ಲ, ನಾಳೆಯ ಕೆಲಸಕ್ಕೆ ಕರೆಯುವ ಗ್ಯಾಂಗಿನ ಸಲಿಗೆಯನ್ನೂ.

ಕುಷ್ಟಗಿ, ಯಲಬುರ್ಗಾಗಳದ್ದು ಮಳೆ ನಂಬಿದ ಬದುಕು. ಸಜ್ಜೆ, ಜೋಳ, ಕಡಲೆ ಕೈಗೆ ಬಂದರೆ ಬಂತು, ಇಲ್ಲದಿದ್ದರೆ ಗುಳೆ. ತಾವರಗೇರಾ, ಹನುಮಸಾಗರದ ಸುತ್ತಲಿನ ಹಳ್ಳಿಗಳಿಂದ ಜನ ಮಂಗಳೂರು, ಉಡುಪಿ, ಬೆಂಗಳೂರು, ಗೋವಾದ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಊರಲ್ಲಿ ಅಪ್ಪ, ದೊಡ್ಡಪ್ಪ, ಮಾವಂದಿರ ಕಣ್ಣಿಗೆ ಬೀಳದೆ ಕುಡಿಯಬೇಕಾಗಿದ್ದ ಹುಡುಗನಿಗೆ ಅಲ್ಲಿ ತಗಡಿನ ಶೆಡ್ಡು, ವಾರದ ಬಟವಾಡೆ, ಭಾನುವಾರದ ಬಿಡುವು. ಮೇಸ್ತ್ರಿ ಕೊಟ್ಟ ಮುಂಗಡ ತೀರುವವರೆಗೆ ಕೆಲಸ ಬಿಡುವಂತಿಲ್ಲ. ಜೊತೆಗಿರುವವರೆಲ್ಲ ಅವನ ವಾರಿಗೆಯವರೇ. ಕಾವಲು ಕಣ್ಣು ಕಡಿಮೆಯಾದ ಜಾಗದಲ್ಲಿ ಅವನ ಕುಡಿತ ವಾರದಿಂದ ದಿನಕ್ಕೆ ಇಳಿಯುತ್ತದೆ. ಉಗಾದಿಗೆ ಊರಿಗೆ ಬಂದಾಗ ಮನೆಯವರಿಗೆ ಕಾಣುವುದು ಮೂರು ತಿಂಗಳ ಹಿಂದೆ ಹೋದ ಹುಡುಗನಲ್ಲ.

ಜಾಗ ಬದಲಾದರೆ ಚಟದ ಬಲವೂ ಬದಲಾಗುತ್ತದೆ ಎಂಬುದಕ್ಕೆ ಲೋಕಪ್ರಸಿದ್ಧ ಉದಾಹರಣೆ ವಿಯೆಟ್ನಾಂ ಯುದ್ಧದ್ದು. ಅಲ್ಲಿ ಹೆರಾಯಿನ್ ಚಟಕ್ಕೆ ಬಿದ್ದ ಅಮೆರಿಕದ ಸೈನಿಕರ ಬೆನ್ನು ಹತ್ತಿ ಹೋದ ಸಮಾಜವಿಜ್ಞಾನಿ ಲೀ ರಾಬಿನ್ಸ್, ಊರಿಗೆ ಮರಳಿದ ಮೊದಲ ವರ್ಷದಲ್ಲಿ ಅವರಲ್ಲಿ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ ಐವರಷ್ಟೇ ಎಂದು ಕಂಡುಕೊಂಡರು. ಯುದ್ಧಭೂಮಿಯ ಭಯ, ಬೇಸರ, ಸಂಗಡಿಗರು ಎಲ್ಲವೂ ಹಿಂದೆ ಉಳಿದಿದ್ದವು. ಗುಳೆ ಹೋದವನ ಕಷ್ಟವೆಂದರೆ ಅವನು ಪ್ರತಿ ಸುಗ್ಗಿ ಮುಗಿದ ಮೇಲೆ ಅದೇ ಶೆಡ್ಡಿಗೆ, ಅದೇ ಸಂಗಡಿಗರ ನಡುವೆ ಹಿಂದಿರುಗುತ್ತಾನೆ.

ಅಂಗಡಿ ಎಷ್ಟು ದೂರ

ಯಾರು ಎಷ್ಟು ಕುಡಿಯುತ್ತಾರೆ ಎಂಬುದನ್ನು ಕಾನೂನು, ಬೆಲೆ, ಅಂಗಡಿಯ ದೂರ ಈ ಮೂರೂ ಬದಲಿಸಬಲ್ಲವು. ಈ ಸೀಮೆಯ ಇತಿಹಾಸದಲ್ಲಿ ಅದಕ್ಕೊಂದು ವಿಚಿತ್ರ ಅಧ್ಯಾಯವಿದೆ. ತುಂಗಭದ್ರಾ ಅಣೆಕಟ್ಟನ್ನು ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ಸೇರಿ ಕಟ್ಟಿದವು. 1948ರಲ್ಲಿ ಮದ್ರಾಸ್ ಪ್ರಾಂತ್ಯದ ತುಂಬ ಪಾನನಿಷೇಧ ಬಂತು, ಹೊಸಪೇಟೆ ಅದರೊಳಗೆ ಸೇರಿತು. ಬಾಂಬೆಯ ಪಾನನಿಷೇಧ ಕಾಯ್ದೆ 1949ರದ್ದು. ಕುಷ್ಟಗಿಗೆ ಹೊಂದಿದ ಇಳಕಲ್ ಆಗ ಆ ಪ್ರಾಂತ್ಯದ ವಿಜಾಪುರ ಜಿಲ್ಲೆಯಲ್ಲಿತ್ತು. ನಡುವಿನ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ಹೈದರಾಬಾದ್ ರಾಜ್ಯದವು. ಅಲ್ಲಿ ಸೇಂದಿ, ಸೆರೆ ಅಂಗಡಿಗಳು ಸರ್ಕಾರದ ಗುತ್ತಿಗೆಯಲ್ಲೇ ನಡೆದವು. ಅಣೆಕಟ್ಟು ಏಳುತ್ತಿದ್ದ ಆ ವರ್ಷಗಳಲ್ಲಿ ಹೊಳೆಯ ಒಂದು ದಂಡೆಯಲ್ಲಿ ಅಪರಾಧವಾಗಿದ್ದದ್ದು ಇನ್ನೊಂದು ದಂಡೆಯಲ್ಲಿ ಬೊಕ್ಕಸದ ಆದಾಯ.

ಆಮೇಲಿನ ದೊಡ್ಡ ತಿರುವು 2007ರ ಜುಲೈ 1. ಅಂದಿನಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಪಾಲಿಥಿನ್ ಪ್ಯಾಕೆಟ್ಟಿನ ಸಾರಾಯಿ, ಅದರ ಗುತ್ತಿಗೆದಾರರ ದರ್ಬಾರು ಹಳ್ಳಿಗಳಿಂದ ಮರೆಯಾದವು. ಕುಡಿತ ಮರೆಯಾಗಲಿಲ್ಲ, ಕಡಿಮೆ ದರ್ಜೆಯ ವಿಸ್ಕಿ, ರಮ್ಮಿನ ಮಾರಾಟ ಏರಿತು. ಕುಡುಕನಿಗೆ ದಿನದ ಖರ್ಚು ಹೆಚ್ಚಾಯಿತು. ಪಟ್ಟಣದ ವೈನ್‌ಶಾಪಿನಿಂದ ಪೆಟ್ಟಿಗೆಗಟ್ಟಲೆ ತಂದು ಹಳ್ಳಿಯ ಕಿರಾಣಿ ಅಂಗಡಿ, ಚಹಾದಂಗಡಿ, ಪಾನ್‌ಡಬ್ಬಿಗಳಲ್ಲಿ ಹತ್ತೋ ಇಪ್ಪತ್ತೋ ರೂಪಾಯಿ ಮೇಲಿಟ್ಟು ಮಾರುವ ದಂಧೆ ಬೆಳೆಯಿತು. ಬಿಡಬೇಕೆಂದವನಿಗೆ ಇದರಷ್ಟು ಕೆಟ್ಟ ಬದಲಾವಣೆ ಇನ್ನೊಂದಿಲ್ಲ. ವೈನ್‌ಶಾಪ್ ಎಂಟು ಮೈಲಿ ದೂರದಲ್ಲಿದ್ದರೆ ಹೋಗಿಬರುವಷ್ಟರಲ್ಲಿ ಮನಸ್ಸು ಬದಲಾಗಲು ಸಮಯ ಉಂಟು. ಮಗಳಿಗೆ ಬಿಸ್ಕತ್ತು ತರಲು ಹೋದ ಅಂಗಡಿಯಲ್ಲೇ, ಅದೂ ಉದ್ದರಿಯಲ್ಲಿ, ನೈಂಟಿ ಸಿಕ್ಕರೆ ಆ ಸಮಯ ಎಲ್ಲಿ? ನೆರೆಯ ರಾಯಚೂರು ಜಿಲ್ಲೆಯಲ್ಲಿ ಇದಕ್ಕಿಂತ ಅಪಾಯದ್ದೂ ಉಂಟು: ಸಿ.ಎಚ್. ಪೌಡರ್ ಎಂದು ಕರೆಯುವ ಕ್ಲೋರಲ್ ಹೈಡ್ರೇಟ್ ಬೆರೆಸಿದ ಕೃತಕ ಸೇಂದಿ.

ಗೆಳೆಯರ ಋಣ

ಹೊಸ ಬೈಕು, ಮಗನ ಹುಟ್ಟು, ಕೋರ್ಟಿನಲ್ಲಿ ಗೆದ್ದ ಜಮೀನು, ಎಲ್ಲಕ್ಕೂ ‘ಪಾರ್ಟಿ ಯಾವಾಗ?’ ಎಂಬುದು ಈಗಿನ ರೂಢಿ. ಕೊಡಿಸಿಕೊಂಡವನು ಕೊಡಿಸಬೇಕು, ಮುಯ್ಯಿಯಂತೆ. ಕುಡಿತ ಬಿಟ್ಟವನ ಮೇಲೆ ಈ ಲೆಕ್ಕದ ಬಾಕಿ ಹಾಗೇ ಉಳಿಯುತ್ತದೆ. ‘ದೊಡ್ಡ ಸ್ವಾಮಿ ಆಗ್ಯಾನ’ ಎಂಬ ಚುಚ್ಚುಮಾತಿನಲ್ಲಿ ತಮಾಷೆಯೂ ಇದೆ, ತಮ್ಮನ್ನು ಬಿಟ್ಟುಹೋದನಲ್ಲ ಎಂಬ ಸಿಟ್ಟೂ ಇದೆ.

ಗೆಳೆತನದ ಈ ಬಲವನ್ನು ಅಳೆದವರಿದ್ದಾರೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಹೃದ್ರೋಗ ಅಧ್ಯಯನದಲ್ಲಿದ್ದ 12 ಸಾವಿರಕ್ಕೂ ಹೆಚ್ಚು ಜನರ 1971ರಿಂದ 2003ರವರೆಗಿನ ದಾಖಲೆ ಜೋಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, ನಂಟು-ಗೆಳೆತನದವರೊಬ್ಬರು ವಿಪರೀತ ಕುಡಿಯುವವರಾದರೆ ವ್ಯಕ್ತಿಯೊಬ್ಬ ಹಾಗೆ ಕುಡಿಯುವ ಸಂಭವ ಶೇ 50ರಷ್ಟು ಏರುತ್ತದೆ. ಗೆಳೆಯನ ಗೆಳೆಯನ ಪ್ರಭಾವ ಕೂಡ ಲೆಕ್ಕಕ್ಕೆ ಸಿಕ್ಕಿತು. ಕುಡಿಯದವರ ಸಂಗವೂ ಹೀಗೇ ಹರಡುತ್ತದೆ ಎಂಬುದು ಅದೇ ಅಧ್ಯಯನದ ಇನ್ನೊಂದು ಮುಖ. ಮಾರ್ಲಾಟ್ ಮತ್ತು ಜುಡಿತ್ ಗಾರ್ಡನ್ ಚಟ ಬಿಟ್ಟು ಮತ್ತೆ ಜಾರಿದವರನ್ನು ಕೂರಿಸಿ ಕೇಳಿದಾಗ ಮೂರು ಕಾರಣಗಳು ಹೆಚ್ಚಾಗಿ ಮೇಲೆ ಬಂದವು: ಮನಸ್ಸು ಕೆಟ್ಟಿದ್ದು, ಯಾರೊಂದಿಗೋ ಜಗಳವಾದದ್ದು, ಜೊತೆಗಾರರು ಒತ್ತಾಯಿಸಿದ್ದು. ಮೊದಲನೆಯದೂ ಹಲವು ಸಲ ಸಾಲಗಾರನ ಮಾತಿನಿಂದಲೋ ಮನೆಯವರ ಮೌನದಿಂದಲೋ ಬಂದಿರುತ್ತದೆ.

ಗ್ರಾಮ ಪಂಚಾಯಿತಿ ಚುನಾವಣೆ ಬಂತೆಂದರೆ ಒತ್ತಾಯವೂ ಬೇಕಿಲ್ಲ. ಮತದಾನ ಮುಗಿಯುವ ಹಿಂದಿನ 48 ಗಂಟೆ ಮದ್ಯ ಮಾರುವಂತಿಲ್ಲ; ಅಷ್ಟರೊಳಗೆ ಹಂಚುವವರ ಮನೆಯಲ್ಲಿ ದಾಸ್ತಾನು ಸೇರಿರುತ್ತದೆ. ಕಷ್ಟಪಟ್ಟು ಬಿಟ್ಟವರಿಗೆ ಪುಕ್ಕಟೆ ಮದ್ಯದ ಆ ಹದಿನೈದು ದಿನ ದಾಟುವುದು ದೊಡ್ಡ ಪರೀಕ್ಷೆ.

ಮನೆಯೊಳಗೆ

‘ಮದುವಿ ಮಾಡ್ರಿ, ತಾನ ಸುದಾರಸ್ತಾನ’ ಎಂಬ ಸಲಹೆಗೆ ಬಲಿಯಾದ ಹೆಣ್ಣುಮಕ್ಕಳ ಲೆಕ್ಕ ಯಾವ ಸಮೀಕ್ಷೆಯಲ್ಲೂ ಇಲ್ಲ. ಮದುವೆಯಾದ ಗಂಡಸರು ಸರಾಸರಿಯಲ್ಲಿ ಕಡಿಮೆ ಕುಡಿಯುತ್ತಾರೆ ಎಂಬುದು ಹಲವು ದೇಶಗಳಲ್ಲಿ ಕಂಡ ಸಂಗತಿ. ಆದರೆ ಈಗಾಗಲೇ ಅವಲಂಬನೆಗೆ ಬಿದ್ದವನಿಗೆ ಹೆಂಡತಿಯೆಂದರೆ ಚಿಕಿತ್ಸೆಯಲ್ಲ. ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ, ಗಂಡ ಪದೇ ಪದೇ ಮತ್ತನಾಗುವ ಮನೆಗಳಲ್ಲಿ ನೂರಕ್ಕೆ ಸುಮಾರು 70 ಹೆಂಗಸರು ಹೊಡೆತ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಗಂಡ ಕುಡಿಯದ ಮನೆಗಳಲ್ಲಿ ಅಂಥವರು 23 ಮಂದಿ. ಎರಡನೆಯ ಅಂಕಿಯನ್ನೂ ಓದಬೇಕು: ಕುಡಿಯದವರೂ ಹೊಡೆಯುತ್ತಾರೆ. ಹೊಡೆಯಲು ಸಮಾಜ ಕೊಟ್ಟ ಸಲಿಗೆಯನ್ನು ಮದ್ಯ ದೊಡ್ಡದು ಮಾಡುತ್ತದೆ, ಹುಟ್ಟಿಸುವುದಿಲ್ಲ.

ಹೆಂಡತಿ, ತಾಯಂದಿರು ಮರ್ಯಾದೆಗಾಗಿ ಮುಚ್ಚಿಡುತ್ತಾರೆ. ಕೆಲಸಕ್ಕೆ ಹೋಗದ ದಿನ ‘ಜ್ವರ’ ಎಂದು ಹೇಳಿಕಳಿಸುವುದು, ಅಂಗಡಿಯ ಉದ್ದರಿ ತೀರಿಸುವುದು, ಸಂಘದ ಸಾಲದಲ್ಲಿ ಅವನ ಸಾಲ ಮುಗಿಸುವುದು. ವಾರದ ಕಂತು ಕಟ್ಟುವ ದಿನ ಅವಳದು, ಕುಡಿಯುವ ದಿನ ಅವನದು. ಮುಚ್ಚಿಟ್ಟಷ್ಟು ದಿನ ಅವನಿಗೆ ತನ್ನ ಕುಡಿತದ ಬೆಲೆ ತಾಗುವುದಿಲ್ಲ. ಹಾಗೆಂದು ಅವಳನ್ನು ದೂರಿದರೆ ಅದು ಅನ್ಯಾಯ. ಮುಚ್ಚಿಡದಿದ್ದರೆ ಮಗಳ ಸಂಬಂಧ ತಪ್ಪುವ ಭಯ ಅವಳಿಗಿದೆ.

ಬಸ್ಸಿನ ಹಿಂದೆ, ಗೋಡೆಗಳ ಮೇಲೆ ‘ಕುಡಿತ ಬಿಡಿಸಲಾಗುವುದು, ಕುಡಿಯುವವರಿಗೆ ತಿಳಿಯದಂತೆ’ ಎಂಬ ಜಾಹೀರಾತುಗಳು ಕಾಣುತ್ತವೆ. ಇಂಥ ಪುಡಿಗಳಲ್ಲಿ ಏನಿದೆಯೋ ಯಾರೂ ಹೇಳುವುದಿಲ್ಲ. ಡೈಸಲ್ಫಿರಾಮ್‌ನಂಥ ಮಾತ್ರೆ ಬೆರೆತಿದ್ದರೆ, ಅದು ಒಳಗಿರುವಾಗ ಮದ್ಯ ಕುಡಿದವನಿಗೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಆ ಔಷಧವನ್ನು ರೋಗಿಯ ಒಪ್ಪಿಗೆಯಿಂದ, ವೈದ್ಯರ ಕಣ್ಗಾವಲಿನಲ್ಲಿ ಕೊಡಬೇಕು.

ಕುಡಿಯುವ ಹೆಂಗಸರ ಸಂಖ್ಯೆ ಕಡಿಮೆ, ಅವರ ಮೇಲಿನ ಕಳಂಕ ಹೆಚ್ಚು. ಗಂಡಸಿಗೆ ಸಿಗುವ ‘ಬಿಡ್ರಿ, ಕುಡುದಾನ’ ಎಂಬ ಮಾಫಿ ಅವರಿಗಿಲ್ಲ.

ಮಾಲೆ, ಜೋಳಿಗೆ, ಶಿಬಿರ

ಸುತ್ತಲಿನ ಸಮಾಜ ಕುಡಿಸುವುದಷ್ಟೇ ಅಲ್ಲ, ನಿಲ್ಲಿಸುವುದೂ ಉಂಟು. ಗಂಗಾವತಿ ತಾಲ್ಲೂಕಿನ ಅಂಜನಾದ್ರಿ ಬೆಟ್ಟಕ್ಕೆ ಪ್ರತಿ ವರ್ಷ ಮಾರ್ಗಶಿರದಲ್ಲಿ ಹನುಮಮಾಲೆ ವಿಸರ್ಜನೆಗೆ ದೊಡ್ಡ ಸಂಖ್ಯೆಯಲ್ಲಿ ಮಾಲಾಧಾರಿಗಳು ಬರುತ್ತಾರೆ. ಅದೇ ಹೊತ್ತಿಗೆ ಅಯ್ಯಪ್ಪ ಮಾಲೆಯ 41 ದಿನಗಳ ವ್ರತವೂ ನಡೆದಿರುತ್ತದೆ. ಮಾಲೆ ಬಿದ್ದ ದಿನದಿಂದ ಮದ್ಯ, ಮಾಂಸ ಇಲ್ಲ. ವರ್ಷವಿಡೀ ಕುಡಿದವರೂ ಆ ದಿನಗಳಲ್ಲಿ ಮುಟ್ಟುವುದಿಲ್ಲ ಎಂಬುದು ಊರೂರಿನ ಅನುಭವ. ಹೇಗೆ ಸಾಧ್ಯ? ಬಟ್ಟೆಯ ಬಣ್ಣ ಬದಲಾಗುತ್ತದೆ. ಯಾರು ನೋಡಿದರೂ ತಿಳಿಯುತ್ತದೆ. ನಿನ್ನೆಯವರೆಗೆ ‘ಲೇ’ ಎಂದವರು ‘ಸ್ವಾಮಿ’ ಎಂದು ಬಹುವಚನದಲ್ಲಿ ಮಾತಾಡಿಸುತ್ತಾರೆ. ಸಂಜೆ ವೈನ್‌ಶಾಪಿನ ಹೊತ್ತಿಗೆ ಭಜನೆ ಇರುತ್ತದೆ, ಜೊತೆಗೆ ಹತ್ತು ಜನ ಇರುತ್ತಾರೆ. ಕುಡಿಯುವಂತೆ ಒತ್ತಾಯಿಸುವ ಗೆಳೆಯನೇ ‘ಮಾಲಿ ಹಾಕ್ಯಾನ, ಸುಮ್ನಿರ್ರಿ’ ಎಂದು ಉಳಿದವರನ್ನು ತಡೆಯುತ್ತಾನೆ. ಬೇಡ ಎನ್ನಲು ಕಾರಣ ಹುಡುಕಬೇಕಾಗಿಲ್ಲ. ಚಿಕಿತ್ಸಾಲಯಗಳು ತಿಂಗಳುಗಟ್ಟಲೆ ಕಲಿಸಲು ಹೆಣಗುವ ಎಲ್ಲವೂ ಒಂದು ಮಾಲೆಯೊಂದಿಗೆ ಬಂದುಬಿಡುತ್ತದೆ. ಮಾಲೆ ಇಳಿದ ಮೇಲೆ ಇವೆಲ್ಲವೂ ಒಟ್ಟಿಗೆ ಇಳಿಯುತ್ತವೆ. ವ್ರತ ಮುಗಿದ ಮರುದಿನವೇ ಬಾರಿನಲ್ಲಿ ಕಾಣುವವರನ್ನು ನೋಡಿ ನಗುವವರುಂಟು. ನಗುವ ಬದಲು ಆ ನಲವತ್ತು ದಿನ ಅವನನ್ನು ಹಿಡಿದಿಟ್ಟದ್ದು ಏನೆಂದು ಕೇಳಿಕೊಳ್ಳುವುದು ಲೇಸು.

ಕುಷ್ಟಗಿಯ ಗಡಿಯಾಚೆಯ ಇಳಕಲ್‌ನ ಚಿತ್ತರಗಿ ವಿಜಯ ಮಹಾಂತೇಶ್ವರ ಮಠದ ಡಾ. ಮಹಾಂತ ಸ್ವಾಮೀಜಿ 1970ರ ದಶಕದಲ್ಲಿ ಶುರು ಮಾಡಿದ ‘ಮಹಾಂತ ಜೋಳಿಗೆ’ ಇನ್ನೊಂದು ದಾರಿ. ಊರೂರು, ಕೇರಿಕೇರಿಗೆ ಹೋಗಿ ಜೋಳಿಗೆ ಚಾಚಿ ಕಾಳು, ಕಾಸು ಬೇಡದೆ ‘ನಿಮ್ಮ ಚಟ ಹಾಕಿರಿ’ ಎಂದು ಅವರು ಬೇಡಿದರು. ಬೇಡುವವರ ಎದುರು ಕೊಟ್ಟ ಮಾತು ನಾಲ್ಕು ಜನರ ಎದುರು ಕೊಟ್ಟ ಮಾತೂ ಹೌದು. ಬಯ್ಯದೆ ಬೇಡಿದ್ದರಲ್ಲಿ ಈ ಪದ್ಧತಿಯ ಜಾಣತನವಿದೆ. ಕುಡುಕನಿಂದಲೂ ಪಡೆಯುವಂಥದ್ದು ಏನೋ ಇದೆ ಎಂದಾಗ ಅವನು ಕೊಡುವವನಾಗುತ್ತಾನೆ. ಸ್ವಾಮೀಜಿ 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.

ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳದು ಎಂಟು ದಿನದ ಕ್ರಮ. ಕಲ್ಯಾಣಮಂಟಪದಲ್ಲೋ ಸಮುದಾಯ ಭವನದಲ್ಲೋ ಕುಡಿತ ಬಿಡಲು ಬಂದವರನ್ನು ಒಟ್ಟಿಗೆ ಇರಿಸಿ, ವ್ಯಾಯಾಮ, ಭಜನೆ, ಆಪ್ತಸಲಹೆ ನಡೆಸಿ, ಮನೆಯವರನ್ನೂ ಕರೆಸುತ್ತಾರೆ. ಬಿಟ್ಟುಬಂದವರನ್ನು ಆಮೇಲೆ ‘ನವಜೀವನ ಸಮಿತಿ’ಗಳಲ್ಲಿ ಸೇರಿಸಿಡುವುದು ಈ ಕ್ರಮದ ಗಟ್ಟಿ ಭಾಗ. 1935ರಲ್ಲಿ ಅಮೆರಿಕದ ಏಕ್ರನ್‌ನಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಡ ಇದನ್ನೇ ಬೇರೆ ಬಗೆಯಲ್ಲಿ ಮಾಡಿತು: ಹಳೆಯ ಕುಡಿತದ ಬಳಗದ ಜಾಗದಲ್ಲಿ ಬಿಟ್ಟವರ ಬಳಗ. ಅಲ್ಲಿ ಹೆಸರು ಗುಟ್ಟು, ಇಲ್ಲಿ ಹಾರ ಹಾಕಿ ಮೆರವಣಿಗೆ. ನಮ್ಮ ಹಳ್ಳಿಗಳಲ್ಲಿ ಗುಟ್ಟು ಉಳಿಯುವುದಿಲ್ಲವಾದ್ದರಿಂದ ಎರಡನೆಯದೇ ಹೊಂದಿತೇನೋ. ಆದರೆ ಮೆರವಣಿಗೆ ಮಾಡಿಸಿಕೊಂಡವನು ಜಾರಿದರೆ ಬರುವ ಅವಮಾನವೂ ಅಷ್ಟೇ ಬಹಿರಂಗ. ಆ ನಾಚಿಕೆಗೇ ಮುಖ ತೋರಿಸದೆ ಮತ್ತೆ ಪೂರ್ತಿ ಮುಳುಗುವವರಿದ್ದಾರೆ.

ಮಾಲೆಯಾಗಲಿ ಶಿಬಿರವಾಗಲಿ, ದಿನವೂ ಹೆಚ್ಚು ಕುಡಿಯುವವನು ಒಮ್ಮೆಗೇ ನಿಲ್ಲಿಸುವ ಮುಂಚೆ ವೈದ್ಯರಿಗೆ ತೋರಿಸಬೇಕು. ನಿಲ್ಲಿಸಿದ ಮೊದಲೆರಡು ದಿನಗಳಲ್ಲಿ ಫಿಟ್ಸು, ಎರಡು ಮೂರನೆಯ ದಿನದ ಹೊತ್ತಿಗೆ ಜ್ಞಾನ ತಪ್ಪಿದಂತೆ ಬಡಬಡಿಸುವ ಸನ್ನಿ ಬರಬಹುದು. ಇದನ್ನು ‘ದೆವ್ವ ಮೆಟ್ಟಿದೆ’ ಎಂದೋ ‘ದೇವರ ಕಾಟ’ ಎಂದೋ ತಿಳಿದು ತಡಮಾಡಿದರೆ ಪ್ರಾಣ ಹೋಗಬಹುದು.

ಸರ್ಕಾರದ ಎರಡು ಕೈ, ಹೆಂಗಸರ ಕಾಲ್ನಡಿಗೆ

2025–26ರ ಬಜೆಟ್ಟಿನಲ್ಲಿ ರಾಜ್ಯದ ಅಬಕಾರಿ ಆದಾಯದ ಗುರಿ 40,000 ಕೋಟಿ ರೂಪಾಯಿ. ಅದೇ ರಾಜ್ಯಕ್ಕೆ ಮದ್ಯಪಾನ ಸಂಯಮ ಮಂಡಳಿಯೂ ಇದೆ, ಅದು ಕೊಡುವ ಸಂಯಮ ಪ್ರಶಸ್ತಿಯೂ ಇದೆ. ಗುರಿ ಮುಟ್ಟಬೇಕಾದ ಅಧಿಕಾರಿಗೆ ಕಿರಾಣಿ ಅಂಗಡಿಯ ಅಕ್ರಮ ಮಾರಾಟ ಕೂಡ ಎಲ್ಲೋ ಒಂದು ವೈನ್‌ಶಾಪಿನ ಸಕ್ರಮ ಮಾರಾಟವಾಗಿ ಲೆಕ್ಕಕ್ಕೆ ಬರುತ್ತದೆ. ದಾಳಿ ಆಗಾಗ ನಡೆದು ಮತ್ತೆ ತಣ್ಣಗಾಗುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಇದನ್ನು ಮೊದಲು ಅರ್ಥ ಮಾಡಿಕೊಂಡವರು ಹೆಂಗಸರು. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಅಕ್ಷರ ಕಲಿಕೆಯ ತರಗತಿಗೆ ಬಂದ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದ್ದು ಮರುವರ್ಷ ರಾಜ್ಯದಲ್ಲೇ ಸಾರಾಯಿ ನಿಷೇಧಕ್ಕೆ ದಾರಿಯಾಯಿತು. ಕಲ್ಯಾಣ ಕರ್ನಾಟಕದ ರಾಯಚೂರು ಸುತ್ತಲಿನ ಜಿಲ್ಲೆಗಳ ಕೂಲಿಕಾರ ಹೆಂಗಸರೇ ಮುಂಚೂಣಿಯಲ್ಲಿದ್ದ ಮದ್ಯನಿಷೇಧ ಆಂದೋಲನ 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ಪಾದಯಾತ್ರೆ ಮಾಡಿತು. ಊರಿನಲ್ಲಿ ಅಂಗಡಿ ಬೇಕೇ ಬೇಡವೇ ಎಂಬುದನ್ನು ಗ್ರಾಮಸಭೆ ನಿರ್ಧರಿಸುವಂತಾಗಬೇಕು ಎಂಬುದು ಅವರ ಬೇಡಿಕೆಗಳಲ್ಲಿ ಮುಖ್ಯವಾದದ್ದು. ಮಹಾರಾಷ್ಟ್ರದಲ್ಲಿ ಹೆಂಗಸರ ಮತದಿಂದ ಮದ್ಯದಂಗಡಿ ಮುಚ್ಚಿಸಲು ನಿಯಮವಿದೆ. ಪೂರ್ಣ ನಿಷೇಧ ಬೇಡ ಎನ್ನುವವರೂ ಈ ಬೇಡಿಕೆಯನ್ನು ತಳ್ಳಿಹಾಕಲಾರರು.

ಒಮ್ಮೆಗೇ ಎಲ್ಲ ಅಂಗಡಿ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು 2020ರ ಲಾಕ್‌ಡೌನ್ ತೋರಿಸಿತು. ಮಾರ್ಚ್ ಕೊನೆಯಲ್ಲಿ ಮದ್ಯ ಸಿಗದಾದಾಗ ಬೆಂಗಳೂರಿನ ಆಸ್ಪತ್ರೆಗಳಿಗೆ ಫಿಟ್ಸು, ಸನ್ನಿಯಂಥ ತೀವ್ರ ಲಕ್ಷಣಗಳೊಂದಿಗೆ ಬಂದವರ ಸಂಖ್ಯೆ ಸುಮಾರು ದುಪ್ಪಟ್ಟಾಯಿತೆಂದು ಅಲ್ಲಿನ ವೈದ್ಯರು ದಾಖಲಿಸಿದರು. ಮೇ 4ರಂದು ಅಂಗಡಿಗಳು ತೆರೆದ ಮೊದಲ ದಿನವೇ ರಾಜ್ಯದಲ್ಲಿ ಸುಮಾರು 45 ಕೋಟಿ ರೂಪಾಯಿಯ ಮದ್ಯ ಮಾರಾಟವಾಯಿತು. ಆ ನಡುವೆ, ಸಿಗದ ಕಾರಣಕ್ಕೇ ಬಿಟ್ಟು ಇಂದಿಗೂ ಮುಟ್ಟದವರೂ ಇದ್ದಾರೆ.

ಚಿಕಿತ್ಸೆ ಹತ್ತಿರ ಬಂದಷ್ಟೂ

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ದೇಶದ ಮೊದಲ ಪ್ರಯೋಗ ನಡೆದದ್ದು ಹೊಳೆಯಾಚೆಯ ಬಳ್ಳಾರಿ ಜಿಲ್ಲೆಯಲ್ಲಿ, 1980ರ ದಶಕದ ಮಧ್ಯದಲ್ಲಿ, ನಿಮ್ಹಾನ್ಸ್ ಮುಂದಾಳತ್ವದಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮನೋರೋಗಿಗಳನ್ನು ಊರಿನ ಹತ್ತಿರವೇ ನೋಡಬಹುದು ಎಂಬ ಆ ‘ಬಳ್ಳಾರಿ ಮಾದರಿ’ 1996ರಿಂದ ದೇಶದ ಬೇರೆ ಜಿಲ್ಲೆಗಳಿಗೂ ಹೋಯಿತು. ಮಂಗಳವಾರದ ‘ಮನೋಚೈತನ್ಯ’ ಕ್ಲಿನಿಕ್ಕುಗಳ ಮೂಲಕ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡು ರಾಜ್ಯದಲ್ಲಿದೆ. ಕೊಪ್ಪಳದಲ್ಲಿ ಈಗ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ.

ಔಷಧಿ ನಡುಕ ನಿಲ್ಲಿಸುತ್ತದೆ; ಬಟವಾಡೆಯ ಸಂಜೆಯನ್ನು ದಾಟಿಸುವುದು ಮಾತುಕತೆ. ಗೋವಾದಲ್ಲಿ ವಿಕ್ರಮ್ ಪಟೇಲ್, ಅಭಿಜಿತ್ ನಾಡಕರ್ಣಿ ಮತ್ತು ಸಂಗಾತ್ ಸಂಸ್ಥೆಯವರು ನಡೆಸಿ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವೈದ್ಯರೂ ಮನಶ್ಶಾಸ್ತ್ರಜ್ಞರೂ ಅಲ್ಲದ, ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು ಆರೋಗ್ಯ ಕೇಂದ್ರಕ್ಕೆ ಬಂದ ಹಾನಿಕರ ಕುಡಿತದ ಗಂಡಸರೊಂದಿಗೆ ಒಂದರಿಂದ ನಾಲ್ಕು ಬಾರಿ ಕುಳಿತು ಮಾತಾಡಿದರು. ಯಾವ ಸಂದರ್ಭದಲ್ಲಿ ಕುಡಿಯಬೇಕೆನಿಸುತ್ತದೆ, ಗೆಳೆಯ ಕರೆದರೆ ಏನು ಹೇಳುವುದು, ಮನೆಯವರಲ್ಲಿ ಯಾರ ನೆರವು ಪಡೆಯಬಹುದು, ಮಾತುಕತೆ ಇಂಥವುಗಳದ್ದೇ. ಮೂರು ತಿಂಗಳ ನಂತರ ಹಾನಿಯ ಮಟ್ಟದಿಂದ ಹೊರಬಂದವರು ಸಲಹೆ ಪಡೆದ ಗುಂಪಿನಲ್ಲಿ ನೂರಕ್ಕೆ 36, ಪಡೆಯದ ಗುಂಪಿನಲ್ಲಿ 26. ಹತ್ತು ಜನರ ವ್ಯತ್ಯಾಸ ಪವಾಡವಲ್ಲ, ಆದರೆ ಖರ್ಚು ನೋಡಿದರೆ ಸಣ್ಣದೂ ಅಲ್ಲ.

ಕುಷ್ಟಗಿಯಂಥ ತಾಲ್ಲೂಕಿನಲ್ಲಿ ಇದನ್ನು ಮಾಡಹೊರಟವರಿಗೆ ಎದುರಾಗುವ ತೊಡಕು ಗುಳೆಯದ್ದೇ. ಉಗಾದಿಗೆ ಬಂದು ಚೀಟಿ ಮಾಡಿಸಿದವನು ಎರಡನೆಯ ಭೇಟಿಯ ಹೊತ್ತಿಗೆ ಉಡುಪಿಯ ಶೆಡ್ಡಿನಲ್ಲಿರುತ್ತಾನೆ. ಚಿಕಿತ್ಸೆ ತಾಲ್ಲೂಕಿನಲ್ಲಿ, ಕುಡಿತ ಕರಾವಳಿಯಲ್ಲಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416 ಇಂಥವರಿಗೆ ಸದ್ಯಕ್ಕಿರುವ ಒಂದು ಎಳೆ. ಹಗಲುರಾತ್ರಿ ಪುಕ್ಕಟೆಯಾಗಿ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿಗೆಂದೇ ಇರುವ ಕೇಂದ್ರದ ಸಹಾಯವಾಣಿ 14446. ಕಟ್ಟಡ ಕಾರ್ಮಿಕರ ಶೆಡ್ಡುಗಳಲ್ಲಿ ಈ ಸಂಖ್ಯೆಗಳ ಫಲಕ ಹಾಕಿಸುವ ಕೆಲಸವನ್ನು ಗುತ್ತಿಗೆದಾರರೂ ಮಾಡಬಹುದು, ಕಾರ್ಮಿಕ ಇಲಾಖೆಯೂ ಮಾಡಿಸಬಹುದು.